ಮ್ಯಾವರಿಕ್ ಹೈಬ್ರಿಡ್ ಪಿಕಪ್: ನಿಜವಾದ ಮೈಲೇಜ್ ಅಳೆಯುವುದು ಹೇಗೆ, ಅದು ಸೋರುವುದು ಎಲ್ಲಿ

ಅಮೆರಿಕದಲ್ಲಿ ಫೋರ್ಡ್ ಮ್ಯಾವರಿಕ್ ಹೈಬ್ರಿಡ್ ಕೊಂಡವರಲ್ಲಿ ಅನೇಕರು ಮೊದಲ ಚಳಿಗಾಲ ಬಂದಾಗ ಕೇಳುವ ಪ್ರಶ್ನೆ ಇದು: ಗಾಜಿಗೆ ಅಂಟಿಸಿದ್ದ ಚೀಟಿಯಲ್ಲಿ ಗ್ಯಾಲನ್‌ಗೆ 37 ಮೈಲಿ ಅಂತಿತ್ತು, ನನಗೆ 31 ಬರುತ್ತಿದೆ, ಗಾಡಿಯಲ್ಲಿ ಏನಾದರೂ ದೋಷ ಇದೆಯೇ? ಸಾಮಾನ್ಯವಾಗಿ ದೋಷ ಇರುವುದಿಲ್ಲ. ಆದರೆ 'ದೋಷ ಇಲ್ಲ' ಎಂದು ಸಮಾಧಾನ ಹೇಳಿ ಕಳಿಸುವುದೂ ಸರಿಯಲ್ಲ. ಆ ಆರು ಮೈಲಿ ಎಲ್ಲಿ ಹೋಯಿತು ಎಂದು ಹುಡುಕಬಹುದು, ಅದರಲ್ಲಿ ಒಂದಷ್ಟನ್ನು ವಾಪಸ್ಸೂ ಪಡೆಯಬಹುದು. ಹುಡುಕುವ ಮೊದಲು ಸರಿಯಾಗಿ ಅಳೆಯಬೇಕು. ತಪ್ಪು ಅಳತೆ ಇಟ್ಟುಕೊಂಡು ಟೈರ್ ಬದಲಿಸುವುದು, ಪೆಟ್ರೋಲಿಗೆ ಬಾಟಲಿ ಔಷಧಿ ಸುರಿಯುವುದು, ಎಲ್ಲವೂ ದುಡ್ಡು ದಂಡ.

ಇಲ್ಲಿ ಹೇಳುವ ಅಂಕಿಗಳು 2022ರ ಮಾದರಿಯ, ಮುಂದಿನ ಚಕ್ರ ಚಾಲನೆಯ ಮ್ಯಾವರಿಕ್ ಹೈಬ್ರಿಡ್‌ನವು. 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಜೊತೆಗೆ ವಿದ್ಯುತ್ ಮೋಟಾರು, ಎರಡೂ ಸೇರಿ 191 ಅಶ್ವಶಕ್ತಿ, 1.1 ಕಿಲೋವ್ಯಾಟ್ ಅವರ್‌ನ ಲಿಥಿಯಂ ಬ್ಯಾಟರಿ, 13.8 ಗ್ಯಾಲನ್ ಟ್ಯಾಂಕ್. ಇದಕ್ಕೆ ಪ್ಲಗ್ ಇಲ್ಲ. ಗೋಡೆಯಿಂದ ಚಾರ್ಜ್ ಮಾಡುವಂತಿಲ್ಲ.

ಗ್ಯಾಲನ್ ಲೆಕ್ಕ ತಲೆಗೆ ಹತ್ತದವರಿಗೆ ಒಂದು ಸೂತ್ರ. ಎಂಪಿಜಿಯನ್ನು (ಗ್ಯಾಲನ್‌ಗೆ ಎಷ್ಟು ಮೈಲಿ ಎಂಬ ಅಂಕಿ) 0.425ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. 37 ಎಂಪಿಜಿ ಅಂದರೆ ಲೀಟರಿಗೆ 15.7 ಕಿ.ಮೀ. ಕೆನಡಾದಲ್ಲಿ ಇರುವವರು 235ನ್ನು ಎಂಪಿಜಿಯಿಂದ ಭಾಗಿಸಿ, 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಗೊತ್ತಾಗುತ್ತದೆ, 37ಕ್ಕೆ ಅದು ಸುಮಾರು 6.4. ಬ್ರಿಟಿಷ್ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785 ಲೀಟರ್. ಬ್ರಿಟನ್ನಿನ ಎಂಪಿಜಿಯನ್ನು ಅಮೆರಿಕದ ಎಂಪಿಜಿಗೆ ಹೋಲಿಸಿ ಮೋಸ ಹೋಗಬೇಡಿ.

ಚೀಟಿಯ ಅಂಕಿ ನಿಮ್ಮದಾಗಬೇಕಾದರೆ

ಚೀಟಿಯಲ್ಲಿ ಮೂರು ಅಂಕಿ ಇರುತ್ತವೆ: ಊರೊಳಗೆ 42, ಹೈವೇಯಲ್ಲಿ 33, ಒಟ್ಟು 37. ಈ ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ, ರೋಲರ್‌ಗಳ ಮೇಲೆ. 2008ರ ಮಾದರಿಗಳಿಂದ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಲೆಕ್ಕದ ವಿಧಾನ ಬದಲಾಗಿ, ಎ.ಸಿ. ಹಾಕಿದಾಗಿನ ಓಟ, 20 ಡಿಗ್ರಿ ಫ್ಯಾರನ್‌ಹೀಟ್ ಚಳಿಯ ಓಟ, 80 ಮೈಲಿ ವೇಗದವರೆಗೆ ಹೋಗುವ ಜೋರು ಓಟ, ಇವೆಲ್ಲದರ ಪರಿಣಾಮವೂ ಅಂಕಿಯೊಳಗೆ ಸೇರಿತು. ಹಾಗಾಗಿ ಅದು ಬಾಯಿಗೆ ಬಂದಂತೆ ಬರೆದ ಅಂಕಿ ಅಲ್ಲ. ಆದರೂ ಮೂಲ ಹೈವೇ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ 48 ಮೈಲಿ, ಅತಿ ಹೆಚ್ಚು ಅಂದರೆ 60. ಇಂಟರ್‌ಸ್ಟೇಟ್ ಹೆದ್ದಾರಿಯಲ್ಲಿ 75ಕ್ಕೆ ಕ್ರೂಸ್ ಕಂಟ್ರೋಲ್ ಹಾಕಿ ಮೂರು ಗಂಟೆ ಓಡಿಸುವವರ ಹೈವೇ ಬೇರೆ, ಆ ಚೀಟಿಯ ಹೈವೇ ಬೇರೆ.

ಒಟ್ಟು ಅಂಕಿಯಲ್ಲಿ ಊರಿನ ಪಾಲು ಶೇ. 55, ಹೈವೇ ಪಾಲು ಶೇ. 45. ನಿಮ್ಮ ಓಡಾಟ ಹಾಗಿಲ್ಲದಿದ್ದರೆ ಚೀಟಿಯನ್ನು ನಿಮಗೆ ತಕ್ಕಂತೆ ತಿದ್ದಿಕೊಳ್ಳಿ. ದಿನಾ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಶೇ. 80 ಹೈವೇ ಎಂದಿಟ್ಟುಕೊಳ್ಳಿ. 0.2ನ್ನು 42ರಿಂದ, 0.8ನ್ನು 33ರಿಂದ ಭಾಗಿಸಿ, ಎರಡನ್ನೂ ಕೂಡಿಸಿ, ಬಂದದ್ದರಿಂದ 1ನ್ನು ಭಾಗಿಸಿ. ಉತ್ತರ 34.5. ಅಂದರೆ ನಿಮ್ಮ ಪಾಲಿನ ಚೀಟಿ 37 ಅಲ್ಲ, 34.5. ಮೊದಲು ಹೇಳಿದ ಆರು ಮೈಲಿ ಕೊರತೆಯಲ್ಲಿ ಎರಡೂವರೆ ಇಲ್ಲೇ ಸಿಕ್ಕಿತು; ಗಾಡಿಯ ಬಾನೆಟ್ ಎತ್ತಿದ್ದೂ ಇಲ್ಲ.

ಪೆಟ್ರೋಲ್ ಕಾರಿಗೆ ಹೈವೇಯಲ್ಲೇ ಮೈಲೇಜ್ ಜಾಸ್ತಿ ಎಂದು ನಾವೆಲ್ಲ ರೂಢಿಯಲ್ಲಿ ನಂಬಿದ್ದೇವೆ. ಇಲ್ಲಿ ಉಲ್ಟಾ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆಫ್ ಆಗಿರುತ್ತದೆ. ಬ್ರೇಕ್ ಒತ್ತಿದಾಗ ಮೋಟಾರೇ ಜನರೇಟರ್ ಆಗಿ ಗಾಡಿಯ ಓಟವನ್ನು ವಿದ್ಯುತ್ತಾಗಿ ಬ್ಯಾಟರಿಗೆ ತುಂಬುತ್ತದೆ. ನಿಧಾನವಾಗಿ ಚಲಿಸುವಾಗ ಎಂಜಿನ್ ಹಚ್ಚದೆ ಅದೇ ವಿದ್ಯುತ್ತಿನಲ್ಲಿ ಸಾಗುತ್ತದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಹಿಡಿದಿಡಲು ಬ್ರೇಕಿನ ಶಕ್ತಿಯೇ ಇಲ್ಲ. ಗಾಳಿಯನ್ನು ಸೀಳಲು ಹೋದ ಶಕ್ತಿ ಹೋಯಿತು, ವಾಪಸ್ ಬರುವುದಿಲ್ಲ. ಬಿಡದಿಯ ಕಾರ್ಖಾನೆಯಿಂದ ಬರುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಕೂಡ ಇದೇ ತತ್ವದ್ದು. ಆದ್ದರಿಂದ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅದನ್ನು ಓಡಿಸುವವರಿಗೂ ಮುಂದೆ ಬರುವ ಬ್ರೇಕ್, ಆಕ್ಸಿಲರೇಟರ್ ಮಾತುಗಳು ಹಾಗೆಯೇ ಅನ್ವಯಿಸುತ್ತವೆ.

ಅಳತೆ: ಸ್ಕ್ರೀನ್ ಬೇಡ, ಪೆನ್ನು ಕಾಗದ ಸಾಕು

ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿ ಒಂದು ಅಂದಾಜು. ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಕಂಪ್ಯೂಟರ್ ಲೆಕ್ಕ ಹಾಕಿದ್ದು. ಅದು ನಿಜಕ್ಕಿಂತ ಒಂದೆರಡು ಎಂಪಿಜಿ ಜಾಸ್ತಿ ತೋರಿಸುವುದು ಸಾಮಾನ್ಯ. ಕೈಲೆಕ್ಕ ಹೀಗೆ ಮಾಡಿ.

ಮೊದಲು ಒಂದು ಗ್ಯಾಸ್ ಸ್ಟೇಷನ್ ಗೊತ್ತುಮಾಡಿಕೊಳ್ಳಿ. ಸಾಧ್ಯವಾದರೆ ಅದೇ ಪಂಪ್, ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸುವುದು. ನೆಲದ ಇಳಿಜಾರು ಬದಲಾದರೆ ಟ್ಯಾಂಕ್ ಒಳಗೆ ಗಾಳಿಗುಳ್ಳೆ ನಿಲ್ಲುವ ಜಾಗ ಬದಲಾಗುತ್ತದೆ, ನಾಜಲ್ ಬೇಗ ಅಥವಾ ತಡವಾಗಿ ಕಟ್ ಆಗುತ್ತದೆ. ನಾಜಲ್‌ನ ಹಿಡಿಯನ್ನು ಮಧ್ಯದ ಹಲ್ಲಿಗೆ ಸಿಕ್ಕಿಸಿ ಬಿಟ್ಟುಬಿಡಿ. ಮೊದಲ ಸಲ 'ಟಕ್' ಎಂದು ನಿಂತಾಗ ನಿಲ್ಲಿಸಿಬಿಡಿ. ಆಮೇಲೆ ಹನಿ ಹನಿ ಹಿಂಡಿ ಕುತ್ತಿಗೆವರೆಗೆ ತುಂಬಿಸುವ ಚಟ ಅಳತೆಯನ್ನೂ ಕೆಡಿಸುತ್ತದೆ, ಪೆಟ್ರೋಲ್ ಆವಿ ಹಿಡಿಯುವ ಇದ್ದಿಲ ಡಬ್ಬಿಗೆ ದ್ರವ ಪೆಟ್ರೋಲ್ ಹೋಗಿ ಅದನ್ನೂ ಹಾಳುಮಾಡುತ್ತದೆ. ಆ ಡಬ್ಬಿ ಬದಲಿಸುವ ಖರ್ಚಿನಲ್ಲಿ ಎಷ್ಟೋ ಸಲ ಟ್ಯಾಂಕ್ ತುಂಬಿಸಬಹುದು.

ತುಂಬಿಸಿದ ಮೇಲೆ ಓಡೋಮೀಟರ್ ಅಂಕಿ ಬರೆದುಕೊಳ್ಳಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಕ್ಕಾಲು ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸಿ. ಮತ್ತೆ ಅದೇ ಪಂಪ್, ಅದೇ ರೀತಿ, ಮೊದಲ ಟಕ್. ಹೊಸ ಓಡೋಮೀಟರ್, ರಸೀದಿಯ ಗ್ಯಾಲನ್ ಮೂರು ದಶಾಂಶದವರೆಗೆ, ಆ ವಾರದ ಸರಾಸರಿ ಚಳಿ, ಹೈವೇ ಎಷ್ಟು ಊರು ಎಷ್ಟು ಎಂಬ ಅಂದಾಜು, ಸ್ಕ್ರೀನ್ ತೋರಿಸಿದ ಸರಾಸರಿ. ಈ ಐದು ಕಲಮು ಸಾಕು.

ಒಂದು ಟ್ಯಾಂಕ್ ನೋಡಿ ತೀರ್ಮಾನ ಬೇಡ. ನಾಜಲ್ ಅರ್ಧ ಗ್ಯಾಲನ್ ಬೇಗ ಕಟ್ ಆಯಿತೆಂದುಕೊಳ್ಳಿ. 370 ಮೈಲಿಗೆ 10 ಗ್ಯಾಲನ್ ಹಿಡಿಯಬೇಕಾದದ್ದು 9.5 ಹಿಡಿಯಿತು, ನಿಮ್ಮ ಲೆಕ್ಕ 37ರ ಬದಲು 38.9 ತೋರಿಸುತ್ತದೆ. ಮುಂದಿನ ಸಲ ಆ ಅರ್ಧ ಗ್ಯಾಲನ್ ಸೇರಿಕೊಂಡು 35.2ಕ್ಕೆ ಇಳಿಯುತ್ತದೆ. ಗಾಡಿ ಒಂದೇ, ಓಟ ಒಂದೇ, ಅಂಕಿಯಲ್ಲಿ ಮೂರೂವರೆಗೂ ಹೆಚ್ಚು ವ್ಯತ್ಯಾಸ. ಕನಿಷ್ಠ ಮೂರು ಟ್ಯಾಂಕ್ ಬೇಕು, ಐದಾದರೆ ಒಳ್ಳೆಯದು.

ಸರಾಸರಿ ತೆಗೆಯುವಾಗ ಬಹಳ ಜನ ಮಾಡುವ ತಪ್ಪು ಒಂದಿದೆ. ಮೊದಲ ಟ್ಯಾಂಕ್ 380 ಮೈಲಿ, 9.5 ಗ್ಯಾಲನ್, ಅಂದರೆ 40. ಎರಡನೆಯದು 360 ಮೈಲಿ, 12 ಗ್ಯಾಲನ್, ಅಂದರೆ 30. ಎರಡೂ ಸೇರಿಸಿ ಎರಡರಿಂದ ಭಾಗಿಸಿ 35 ಎನ್ನುತ್ತಾರೆ. ಹಾಗಲ್ಲ. ಒಟ್ಟು 740 ಮೈಲಿಯನ್ನು ಒಟ್ಟು 21.5 ಗ್ಯಾಲನ್‌ನಿಂದ ಭಾಗಿಸಬೇಕು, 34.4 ಬರುತ್ತದೆ. ಕೆಟ್ಟ ಟ್ಯಾಂಕ್ ಹೆಚ್ಚು ಪೆಟ್ರೋಲ್ ನುಂಗುತ್ತದೆ, ಆದ್ದರಿಂದ ಅದರ ತೂಕವೂ ಹೆಚ್ಚು.

ಸ್ಕ್ರೀನ್ 39 ತೋರಿಸಿದಾಗ ಕೈಲೆಕ್ಕ 37.1 ಬಂದರೆ, ನಿಮ್ಮ ಗಾಡಿಯ ಸ್ಕ್ರೀನ್ ಅಂಕಿಯನ್ನು 0.95ರಿಂದ ಗುಣಿಸಬೇಕು ಎಂದರ್ಥ. ಐದು ಟ್ಯಾಂಕ್ ನೋಡಿ ಈ ಅನುಪಾತ ಗಟ್ಟಿಮಾಡಿಕೊಂಡರೆ, ಆಮೇಲೆ ಸ್ಕ್ರೀನನ್ನೇ ನೋಡಿ ಅಂದಾಜು ಹೇಳಬಹುದು.

ಓಡೋಮೀಟರ್ ಸರಿಯಿದೆಯೇ ಎಂಬುದನ್ನೂ ಒಮ್ಮೆ ನೋಡಿ. ಇಂಟರ್‌ಸ್ಟೇಟ್ ಬದಿಯ ಮೈಲಿ ಫಲಕಗಳ ಪ್ರಕಾರ ಹತ್ತು ಮೈಲಿ ಓಡಿ ಟ್ರಿಪ್ ಮೀಟರ್ ಏನು ಹೇಳುತ್ತದೆ ನೋಡುವುದು ಸುಲಭದ ದಾರಿ. ಇದು ಯಾಕೆ ಮುಖ್ಯ ಎಂಬುದು ಟೈರಿನ ಭಾಗದಲ್ಲಿ ತಿಳಿಯುತ್ತದೆ.

ವೇಗ: ದೊಡ್ಡ ಸೋರಿಕೆ ಇಲ್ಲೇ

ಪಿಕಪ್ ಎತ್ತರದ, ಹಿಂದೆ ಬಾಯಿ ತೆರೆದ ಪೆಟ್ಟಿಗೆ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 65ರಿಂದ 75ಕ್ಕೆ ಏರಿದರೆ ವೇಗ ಹೆಚ್ಚಿದ್ದು ಶೇ. 15, ಗಾಳಿಯ ತಡೆ ಹೆಚ್ಚಿದ್ದು ಶೇ. 33. ಟೈರಿನ ಉರುಳುವಿಕೆಯ ತಡೆ ಹಾಗೆ ಏರುವುದಿಲ್ಲವಾದ್ದರಿಂದ ಪೆಟ್ರೋಲ್ ಖರ್ಚು ಅಷ್ಟೂ ಏರುವುದಿಲ್ಲ. ಆದರೆ ಈ ವೇಗದಲ್ಲಿ ಖರ್ಚಿನ ಹೆಚ್ಚಿನ ಪಾಲು ಗಾಳಿಗೇ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. 300 ಮೈಲಿ ದಾರಿ. 75ರಲ್ಲಿ 4 ಗಂಟೆ, 70ರಲ್ಲಿ 4 ಗಂಟೆ 17 ನಿಮಿಷ, 65ರಲ್ಲಿ 4 ಗಂಟೆ 37 ನಿಮಿಷ. ನಿಮ್ಮ ಗಾಡಿ 75ರಲ್ಲಿ 31, 65ರಲ್ಲಿ 37 ಕೊಡುತ್ತದೆ ಎಂದಿಟ್ಟುಕೊಂಡರೆ ಉಳಿಯುವುದು ಒಂದೂವರೆ ಗ್ಯಾಲನ್‌ಗೆ ಸ್ವಲ್ಪ ಹೆಚ್ಚು. ಅದಕ್ಕಾಗಿ 37 ನಿಮಿಷ ಕೊಡುವುದು ಬಿಡುವುದು ನಿಮ್ಮ ಇಷ್ಟ. ನಮ್ಮ ಸಲಹೆ 70. ಹದಿನೇಳೇ ನಿಮಿಷ ಹೆಚ್ಚು, ಉಳಿತಾಯದ ಅರ್ಧಕ್ಕೂ ಹೆಚ್ಚು ಕೈಗೆ ಬರುತ್ತದೆ, ಬಲಗಡೆ ಲೇನಿನಲ್ಲಿ ಟ್ರಕ್‌ಗಳ ನಡುವೆ ಹಿಂಸೆಪಡುವುದೂ ತಪ್ಪುತ್ತದೆ.

ಎದುರುಗಾಳಿಯನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 65ರಲ್ಲಿ ಹೋಗುವಾಗ 15 ಮೈಲಿ ವೇಗದ ಗಾಳಿ ಎದುರಿಂದ ಬೀಸಿದರೆ ಗಾಡಿಗೆ ತಾಗುವುದು 80ರ ಗಾಳಿ. ತಡೆ ಒಂದೂವರೆ ಪಟ್ಟು. ಕ್ಯಾನ್ಸಸ್, ನೆಬ್ರಾಸ್ಕಾದಂಥ ಬಯಲಿನಲ್ಲಿ ಹೋಗುವಾಗ ಒಂದೇ ದಾರಿಯಲ್ಲಿ ಹೋದಾಗ 29, ಬರುವಾಗ 38 ಬಂದರೆ ಗಾಬರಿ ಬೇಡ. ಹೋಗಿಬಂದ ಎರಡನ್ನೂ ಸೇರಿಸಿಯೇ ಬರೆದುಕೊಳ್ಳಿ.

ಹಿಂದಿನ ಟೈಲ್‌ಗೇಟ್ ತೆರೆದಿಟ್ಟರೆ ಗಾಳಿ ಸಲೀಸಾಗಿ ಹೋಗುತ್ತದೆ ಎಂಬ ನಂಬಿಕೆ ಹಳೆಯದು, ತಪ್ಪು. ಮುಚ್ಚಿದ ಬಾಗಿಲಿನ ಒಳಗೆ ಗಾಳಿಯ ಸುಳಿಯೊಂದು ಕೂತು, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ತೆರೆದರೆ ಆ ಸುಳಿ ಒಡೆಯುತ್ತದೆ. ಮುಚ್ಚಿಯೇ ಇಡಿ. ಬೆಡ್ (ಸಾಮಾನು ಹಾಕುವ ಹಿಂದಿನ ತೊಟ್ಟಿ) ಮೇಲೆ ಹೊದಿಸುವ ಕವರ್ ಸ್ವಲ್ಪ ಅನುಕೂಲ ಮಾಡಬಹುದು, ಆದರೆ ಮೈಲೇಜಿಗಾಗಿಯೇ ಅದನ್ನು ಕೊಂಡರೆ ದುಡ್ಡು ಹುಟ್ಟುವುದಿಲ್ಲ. ಸಾಮಾನು ಒದ್ದೆಯಾಗದಿರಲಿ ಎಂದು ಕೊಳ್ಳಿ. ಮೇಲ್ಛಾವಣಿಯ ಪೆಟ್ಟಿಗೆಯ ಕಥೆ ಬೇರೆ: ಅಮೆರಿಕ ಸರ್ಕಾರದ ಇಂಧನ ಮಾಹಿತಿಯ ಪ್ರಕಾರ ದೊಡ್ಡ ಪೆಟ್ಟಿಗೆ ಇಂಟರ್‌ಸ್ಟೇಟ್ ವೇಗದಲ್ಲಿ ಶೇ. 10ರಿಂದ 25ರವರೆಗೆ ಮೈಲೇಜ್ ತಿನ್ನುತ್ತದೆ. ಪಿಕಪ್‌ಗೆ ಹಿಂದೆ ಬೆಡ್ ಇರುವಾಗ ತಲೆಯ ಮೇಲೆ ಪೆಟ್ಟಿಗೆ ಯಾಕೆ?

ಚಳಿ

ಅದೇ ಸರ್ಕಾರಿ ಮಾಹಿತಿ ಹೇಳುವುದು ಹೀಗೆ: ಊರೊಳಗಿನ ಓಡಾಟದಲ್ಲಿ 77 ಡಿಗ್ರಿ ಫ್ಯಾರನ್‌ಹೀಟ್‌ಗೆ ಹೋಲಿಸಿದರೆ 20 ಡಿಗ್ರಿಯಲ್ಲಿ ಮಾಮೂಲಿ ಪೆಟ್ರೋಲ್ ಕಾರಿನ ಮೈಲೇಜ್ ಸುಮಾರು ಶೇ. 15 ಬೀಳುತ್ತದೆ, ಹೈಬ್ರಿಡ್‌ನದು ಶೇ. 30ರಿಂದ 34. ಹೈಬ್ರಿಡ್ ಹೆಚ್ಚು ಬೀಳುವುದಕ್ಕೆ ಕಾರಣ ಅದರ ಗುಣದಲ್ಲೇ ಇದೆ. ಎಂಜಿನ್ ಆಫ್ ಮಾಡಿಯೇ ಅದು ಉಳಿಸುವುದು. ಚಳಿಯಲ್ಲಿ ಎಂಜಿನ್ ಆಫ್ ಆಗಲು ಒಪ್ಪುವುದಿಲ್ಲ: ಎಂಜಿನ್ ಸುತ್ತ ಹರಿಯುವ ದ್ರವ, ಅಂದರೆ ಕೂಲಂಟ್, ಬಿಸಿಯಾಗಬೇಕು, ಹೊಗೆ ಶುದ್ಧಿಮಾಡುವ ಕನ್ವರ್ಟರ್ ಬಿಸಿಯಾಗಬೇಕು, ಒಳಗೆ ಕೂತವರು ಕೇಳಿದ ಬಿಸಿಗಾಳಿ ಆ ಕೂಲಂಟ್‌ನಿಂದಲೇ ಬರಬೇಕು. ತಣ್ಣಗಿನ ಬ್ಯಾಟರಿ ಬ್ರೇಕಿನ ಶಕ್ತಿಯನ್ನು ಎಂದಿನಷ್ಟು ಒಳಗೆ ತೆಗೆದುಕೊಳ್ಳುವುದೂ ಇಲ್ಲ. ಅದರ ಮೇಲೆ ಚಳಿಗಾಲದ ಪೆಟ್ರೋಲಿನಲ್ಲಿ ಶಕ್ತಿಯೇ ತುಸು ಕಡಿಮೆ.

ಎಲ್ಲಕ್ಕಿಂತ ಕೆಟ್ಟದ್ದು ಎರಡು ಮೈಲಿಯ ಓಡಾಟ. ಮಗುವನ್ನು ಶಾಲೆಗೆ ಬಿಟ್ಟು ಬರುವುದು, ಹಾಲು ತರುವುದು. ಎಂಜಿನ್ ಬಿಸಿಯಾಗುವಷ್ಟರಲ್ಲಿ ಊರು ಬಂದಿರುತ್ತದೆ, ಗಾಡಿ ಮತ್ತೆ ತಣ್ಣಗಾಗುತ್ತದೆ, ಮತ್ತೆ ಮೊದಲಿನಿಂದ. ಟೊರೊಂಟೊ, ಮಿನಿಯಾಪೊಲಿಸ್ ಕಡೆಯವರಿಗೆ ಜನವರಿಯಲ್ಲಿ ಇಂಥ ಓಟದಲ್ಲಿ ಇಪ್ಪತ್ತರ ಆಸುಪಾಸಿನ ಅಂಕಿ ಕಂಡರೆ ಅದು ಗಾಡಿಯ ರೋಗವಲ್ಲ.

ಮಾಡಬಹುದಾದದ್ದು ಇಷ್ಟಿದೆ. ಮೂರು ಕೆಲಸವನ್ನು ಒಂದೇ ಸುತ್ತಿಗೆ ಸೇರಿಸಿ, ದೂರದ ಅಂಗಡಿಗೆ ಮೊದಲು ಹೋಗಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಉಳಿದ ಸಣ್ಣ ನಿಲುಗಡೆಗಳು ಅಗ್ಗವಾಗುತ್ತವೆ. ಗ್ಯಾರೇಜ್ ಇದ್ದರೆ ಅದರೊಳಗಿನ ಹಳೆಯ ರಟ್ಟಿನ ಡಬ್ಬಗಳನ್ನು ತೆಗೆದು ಗಾಡಿ ನಿಲ್ಲಿಸಿ. ರಿಮೋಟ್ ಸ್ಟಾರ್ಟ್ ಹತ್ತು ನಿಮಿಷ ಓಡಿಸಿದರೆ ಆ ಹತ್ತು ನಿಮಿಷದ ಮೈಲೇಜ್ ಸೊನ್ನೆ. ಹೀಟರ್ ಅನ್ನು 74ರ ಬದಲು 68ಕ್ಕೆ ಇಟ್ಟು, ಸೀಟ್ ಬಿಸಿಮಾಡುವ ಸೌಲಭ್ಯ ಇದ್ದರೆ ಅದನ್ನು ಹಾಕಿ. ಸೀಟಿಗೆ ಬೇಕಾದ ವಿದ್ಯುತ್ ಅಲ್ಪ. ಕ್ಯಾಬಿನ್ ಪೂರ್ತಿ ಬಿಸಿ ಮಾಡಲು ಎಂಜಿನ್ನೇ ಓಡಬೇಕು. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆಫ್ ಆಗದೆ ಗುಂಯ್‌ಗುಟ್ಟುತ್ತಿದ್ದರೆ ಹೀಟರ್‌ನ ಉಷ್ಣಾಂಶ ನಾಲ್ಕು ಡಿಗ್ರಿ ಇಳಿಸಿ ನೋಡಿ. ಬಹಳ ಸಲ ಕೆಲವು ಸೆಕೆಂಡಿನಲ್ಲಿ ಎಂಜಿನ್ ಮೌನವಾಗುತ್ತದೆ. ಯಾರು ಅದನ್ನು ಎಚ್ಚರವಾಗಿಟ್ಟಿದ್ದರು ಎಂಬುದು ಅಲ್ಲೇ ಗೊತ್ತಾಗುತ್ತದೆ. ಗಾಜಿನ ಮಂಜು ತೆಗೆಯುವ ಡಿಫ್ರಾಸ್ಟ್ ಮಾತ್ರ ಉಳಿತಾಯದ ನೆಪದಲ್ಲಿ ಆಫ್ ಮಾಡಬೇಡಿ, ಕಾಣದೆ ಓಡಿಸುವಂತಿಲ್ಲ.

ತೀರಾ ಚಳಿಯ ಊರಿನವರು ಗೋಡೆಯ ವಿದ್ಯುತ್ತಿನಿಂದ ಎಂಜಿನ್ ಬೆಚ್ಚಗೆ ಮಾಡುವ ಬ್ಲಾಕ್ ಹೀಟರ್ ಹಾಕಿಸಿಕೊಳ್ಳುವುದು ಒಳ್ಳೆಯದು. ರಾತ್ರಿಯಿಡೀ ಚುಚ್ಚಿಡುವ ಅಗತ್ಯ ಇಲ್ಲ. ಟೈಮರ್ ಹಾಕಿ ಹೊರಡುವ ಎರಡು ಮೂರು ಗಂಟೆ ಮೊದಲು ಆನ್ ಆಗುವಂತೆ ಮಾಡಿ. 400 ವ್ಯಾಟ್‌ನ ಹೀಟರ್ ಮೂರು ಗಂಟೆಗೆ 1.2 ಯೂನಿಟ್ ವಿದ್ಯುತ್ ತೆಗೆದುಕೊಳ್ಳುತ್ತದೆ. ಎಂಜಿನ್ ಬೇಗ ಬಿಸಿಯಾಗಲೆಂದು ಮುಂದಿನ ಗ್ರಿಲ್‌ಗೆ ರಟ್ಟು ಕಟ್ಟುವುದನ್ನು ನಾವು ಒಪ್ಪುವುದಿಲ್ಲ. ಎಂಜಿನ್ ಒಂದೇ ಅಲ್ಲ, ಹೈಬ್ರಿಡ್‌ನ ವಿದ್ಯುತ್ ಭಾಗಗಳಿಗೂ ಮುಂದಿನಿಂದ ಬರುವ ಗಾಳಿ ಬೇಕು.

ಟೈರ್

ಬಾಗಿಲ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಇರುವ ಒತ್ತಡವೇ ನಿಮ್ಮ ಅಂಕಿ. ಟೈರಿನ ಗೋಡೆಯ ಮೇಲೆ ಬರೆದಿರುವುದು ಟೈರ್ ತಡೆಯಬಲ್ಲ ಗರಿಷ್ಠ; ಅದನ್ನು ನೋಡಿ ಗಾಳಿ ಹೊಡೆಸಬೇಡಿ. ಬೆಳಿಗ್ಗೆ, ಗಾಡಿ ತೆಗೆಯುವ ಮೊದಲೇ ಗೇಜ್ ಇಟ್ಟು ನೋಡಿ. ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಒತ್ತಡ ಸುಮಾರು 1 ಪಿಎಸ್ಐ ಇಳಿಯುತ್ತದೆ. ಸೆಪ್ಟೆಂಬರ್‌ನ 70 ಡಿಗ್ರಿಯಲ್ಲಿ ತುಂಬಿಸಿದ್ದು ಡಿಸೆಂಬರ್‌ನ 20 ಡಿಗ್ರಿಯಲ್ಲಿ 5 ಪಿಎಸ್ಐ ಕಡಿಮೆ. ಎಚ್ಚರಿಕೆ ದೀಪ ಹೊತ್ತಿಲ್ಲವಲ್ಲ ಎನ್ನಬೇಡಿ. ಅಮೆರಿಕದ ನಿಯಮದಂತೆ ಅದು ಹೊತ್ತಲೇಬೇಕಾದದ್ದು ಒತ್ತಡ ಶೇ. 25 ಕುಸಿದಾಗ. ಅಂದರೆ 35 ಇರಬೇಕಾದ ಟೈರ್ 28ಕ್ಕೆ ಇಳಿದರೂ ದೀಪ ಸುಮ್ಮನಿರಬಹುದು.

ಕಂಪನಿಯಿಂದ ಬಂದ ಟೈರ್ ತೆಗೆದು ನೋಟಕ್ಕೆಂದು ಗುಂಡು ಗುಂಡು ಗಡ್ಡೆಯ ಆಲ್-ಟೆರೇನ್ ಟೈರ್ ಹಾಕಿದರೆ ಎರಡು ಮೂರು ಎಂಪಿಜಿ ಹೋಗುವುದು ಸಾಮಾನ್ಯ. ಮಣ್ಣು ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಅದು ಬೇಕೇ ಬೇಕು. ಆಫೀಸಿನ ಪಾರ್ಕಿಂಗ್‌ಗೆ ಬೇಡ.

ಇನ್ನೊಂದು ವಿಷಯ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಮ್ಯಾವರಿಕ್‌ನ 225/65 ಆರ್17 ಟೈರ್ ಸುಮಾರು 28.5 ಇಂಚು ವ್ಯಾಸದ್ದು. ಅದರ ಮೇಲ್ಮೈ ಒಂದು ಇಂಚಿನ 32ರಲ್ಲಿ 8 ಭಾಗ ಸವೆದರೆ ವ್ಯಾಸ ಅರ್ಧ ಇಂಚು ಕಡಿಮೆಯಾಗುತ್ತದೆ. ಒಂದು ಸುತ್ತಿಗೆ ಗಾಡಿ ಕ್ರಮಿಸುವ ದೂರ ಶೇ. 1.75ರಷ್ಟು ಕಡಿಮೆ, ಆದರೆ ಓಡೋಮೀಟರ್ ಹಳೆಯ ಲೆಕ್ಕವೇ ಹಾಕುತ್ತದೆ. ಹೀಗಾಗಿ ಸವೆದ ಟೈರಿನಲ್ಲಿ ಮೈಲೇಜ್ ಹುಸಿಯಾಗಿ ಹೆಚ್ಚು ಕಾಣುತ್ತದೆ. ಹೊಸ ಟೈರ್ ಹಾಕಿದ ದಿನ ಆ ಹುಸಿ ಮಾಯವಾಗುತ್ತದೆ, ಜೊತೆಗೆ ದಪ್ಪ ಮೇಲ್ಮೈಯ ಉರುಳುವ ತಡೆಯೂ ಸೇರಿಕೊಳ್ಳುತ್ತದೆ. ಟೈರ್ ಅಂಗಡಿಯವರ ಮೇಲೆ ಜಗಳಕ್ಕೆ ಹೋಗುವ ಮೊದಲು ಇದನ್ನು ನೆನೆಸಿಕೊಳ್ಳಿ. 235/65 ಹಾಕಿದವರಿಗೆ ಇನ್ನೊಂದು ದಿಕ್ಕಿನ ತಪ್ಪು: ವ್ಯಾಸ ಶೇ. 1.8 ಹೆಚ್ಚು, ಓಡೋಮೀಟರ್ 400 ಅಂದಾಗ ನಿಜವಾಗಿ ಓಡಿದ್ದು 407.

ಕಾಲು

ಮ್ಯಾವರಿಕ್‌ನ ಸ್ಕ್ರೀನಿನಲ್ಲಿ ಬ್ರೇಕ್ ಕೋಚ್ ಎಂಬ ಸೌಲಭ್ಯ ಇದೆ. ಪ್ರತಿ ಸಲ ಗಾಡಿ ನಿಂತಾಗ, ಆ ನಿಲುಗಡೆಯಲ್ಲಿ ಎಷ್ಟು ಶೇಕಡಾ ಶಕ್ತಿ ವಾಪಸ್ ಬ್ಯಾಟರಿಗೆ ಹೋಯಿತು ಎಂದು ತೋರಿಸುತ್ತದೆ. 100 ಬಂದರೆ ಬ್ರೇಕ್ ಪ್ಯಾಡಿಗೆ ಕೆಲಸವೇ ಬೀಳಲಿಲ್ಲ ಎಂದರ್ಥ. 60 ಬಂದರೆ ಉಳಿದ 40 ಪ್ಯಾಡ್ ಬಿಸಿಮಾಡಿ ಗಾಳಿಗೆ ಹೋಯಿತು. ಒಂದು ವಾರ ಇದನ್ನು ಆಟದಂತೆ ಆಡಿ. ಗುಟ್ಟು ಸರಳ: ಮುಂದೆ ಕೆಂಪು ದೀಪ ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಬ್ರೇಕ್ ಮೇಲೆ ಹಗುರವಾಗಿ ಇಟ್ಟು, ಒಂದೇ ಒತ್ತಡದಲ್ಲಿ ಕೊನೆಯವರೆಗೆ ಹಿಡಿಯುವುದು. ಮೋಟಾರು ಹಿಡಿಯಬಲ್ಲ ಶಕ್ತಿಗೆ ಮಿತಿ ಇದೆ; ಗಟ್ಟಿಯಾಗಿ ಒತ್ತಿದರೆ ಮಿತಿ ದಾಟಿದ್ದೆಲ್ಲ ಪ್ಯಾಡಿನ ಪಾಲು.

ಆದರೆ 100 ಬಂತೆಂದು ಬೀಗುವುದೂ ಬೇಡ. ಬ್ರೇಕ್‌ನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಚಕ್ರಕ್ಕೆ ಹೋಗುವಾಗ ಎರಡೂ ಕಡೆ ಸೋರಿಕೆ ಇದೆ. ಬ್ರೇಕೇ ಒತ್ತದೆ ಜಾರಿಕೊಂಡು ಹೋಗುವುದು ಎಲ್ಲಕ್ಕಿಂತ ಅಗ್ಗ. ಜಾರಲು ನ್ಯೂಟ್ರಲ್‌ಗೆ ಮಾತ್ರ ಹಾಕಬೇಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಚಟ ಊರಿನಿಂದ ತಂದವರು ಅದನ್ನು ಇಲ್ಲಿ ಬಿಡಬೇಕು: ಈ ಗಾಡಿಯಲ್ಲಿ ನ್ಯೂಟ್ರಲ್ ಅಂದರೆ ಬ್ಯಾಟರಿ ಚಾರ್ಜ್ ಆಗುವುದೇ ನಿಂತುಹೋಗುತ್ತದೆ.

ಆಕ್ಸಿಲರೇಟರ್ ವಿಷಯದಲ್ಲಿ ಹೊಸಬರು ಬೀಳುವ ಹಳ್ಳ ಇನ್ನೊಂದು. ಎಂಜಿನ್ ಹತ್ತಲೇಬಾರದೆಂದು ಹಟ ಹಿಡಿದು, ಹಿಂದಿನವರು ಹಾರ್ನ್ ಹೊಡೆಯುವಷ್ಟು ನಿಧಾನವಾಗಿ, ವಿದ್ಯುತ್ತಿನಲ್ಲೇ ತೆವಳುವುದು. ಆ ವಿದ್ಯುತ್ ಪುಕ್ಕಟೆ ಅಲ್ಲ. ಬ್ರೇಕಿನಿಂದ ಬಂದಷ್ಟನ್ನು ಬಿಟ್ಟರೆ ಉಳಿದದ್ದು ಪೆಟ್ರೋಲಿನಿಂದಲೇ ಹುಟ್ಟಿದ್ದು. ಪುಟ್ಟ ಬ್ಯಾಟರಿ ಬೇಗ ಬರಿದಾಗುತ್ತದೆ, ಆಮೇಲೆ ಎಂಜಿನ್ ಗಾಡಿಯನ್ನೂ ಎಳೆದು ಬ್ಯಾಟರಿಯನ್ನೂ ತುಂಬಬೇಕಾಗುತ್ತದೆ. ಸರಿಯಾದ ಕ್ರಮ: ಸಿಗ್ನಲ್‌ನಿಂದ ಹೊರಡುವಾಗ ಎಂಜಿನ್ ಹತ್ತಲಿ, ಹದವಾಗಿ, ಅಂಜಿಕೆಯಿಲ್ಲದೆ ಬೇಕಾದ ವೇಗಕ್ಕೆ ಏರಿ. ಏರಿದ ಮೇಲೆ ಕಾಲನ್ನು ಸ್ವಲ್ಪ ಎತ್ತಿ. ಎಂಜಿನ್ ಆಫ್ ಆಗಿ ವಿದ್ಯುತ್ ವಹಿಸಿಕೊಳ್ಳುತ್ತದೆ. 40 ಮೈಲಿ ವೇಗದ ರಸ್ತೆಗಳಲ್ಲಿ ಈ ಲಯ ಹಿಡಿದವರು ಚೀಟಿಯ 42ನ್ನು ಬೇಸಿಗೆಯಲ್ಲಿ ಸುಲಭವಾಗಿ ದಾಟುತ್ತಾರೆ.

ಘಟ್ಟ ಇಳಿಯುವಾಗ, ಲಾಸ್ ಏಂಜಲೀಸ್ ಉತ್ತರದ ಟೇಹೋನ್ ಪಾಸ್‌ನಂಥ ಕಡೆ, ಬ್ಯಾಟರಿ ಅರ್ಧ ದಾರಿಯಲ್ಲೇ ತುಂಬಿಬಿಡುತ್ತದೆ. ಆಗ ಎಂಜಿನ್ ಜೋರಾಗಿ ಸದ್ದು ಮಾಡಬಹುದು. ಅದು ಪೆಟ್ರೋಲ್ ಸುಡುವ ಸದ್ದಲ್ಲ. ಜಾಗವಿಲ್ಲದ ಶಕ್ತಿಯನ್ನು ಕಳೆಯಲು ಗಾಡಿ ಎಂಜಿನ್ ತಿರುಗಿಸುತ್ತಿದೆ. ಭಯಪಡಬೇಕಿಲ್ಲ.

ಹೊರೆ ಮತ್ತು ಟ್ರೇಲರ್

ನೂರು ಪೌಂಡ್ ಹೆಚ್ಚುವರಿ ತೂಕಕ್ಕೆ ಸುಮಾರು ಶೇ. 1 ಮೈಲೇಜ್ ಹೋಗುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮನ 23 ಕಿಲೋ ಸೂಟ್‌ಕೇಸ್ ಎರಡು ಸೇರಿದರೆ ನೂರು ಪೌಂಡ್. ಏರ್‌ಪೋರ್ಟ್‌ನಿಂದ ಮನೆಗೆ ತರುವಾಗ ಅದನ್ನು ಯೋಚಿಸಬೇಡಿ. ಆದರೆ ಕಳೆದ ಚಳಿಗಾಲದಲ್ಲಿ ಹಿಡಿತಕ್ಕೆಂದು ಬೆಡ್‌ನಲ್ಲಿ ಹಾಕಿದ ಮರಳಿನ ಚೀಲಗಳು ಜೂನ್‌ನಲ್ಲೂ ಅಲ್ಲೇ ಇದ್ದರೆ ಇಳಿಸಿ. ಮುಂದಿನ ಚಕ್ರ ಚಾಲನೆಯ ಗಾಡಿಗೆ ಹಿಂದೆ ಮರಳು ಹಾಕಿದರೆ ಹೆಚ್ಚಿನ ಪ್ರಯೋಜನವೂ ಇಲ್ಲ.

ಟ್ರೇಲರ್‌ನಲ್ಲಿ ತೂಕಕ್ಕಿಂತ ಆಕಾರ ಮುಖ್ಯ. 2,000 ಪೌಂಡ್ ಈ ಗಾಡಿಯ ಮಿತಿ. ಆ ಮಿತಿಯೊಳಗೇ ಇದ್ದರೂ ಎತ್ತರದ ಪೆಟ್ಟಿಗೆ ಟ್ರೇಲರ್ ಹೈವೇಯಲ್ಲಿ ಮೈಲೇಜನ್ನು ಅರ್ಧಕ್ಕೆ ತರಬಹುದು. ಅಷ್ಟೇ ತೂಕದ ತಗ್ಗಿನ ಟ್ರೇಲರ್ ಅಷ್ಟು ತಿನ್ನುವುದಿಲ್ಲ. ಟ್ರೇಲರ್ ಎಳೆದ ಟ್ಯಾಂಕುಗಳನ್ನು ಪುಸ್ತಕದಲ್ಲಿ ಬೇರೆಯೇ ಬರೆಯಿರಿ.

ಆದರೂ ಕಡಿಮೆ ಬಂದರೆ

ಬೇಸಿಗೆ, ಟೈರ್ ಒತ್ತಡ ಸರಿ, 70 ದಾಟಿಲ್ಲ, ಐದು ಟ್ಯಾಂಕ್ ಲೆಕ್ಕ ಇದೆ, ಆದರೂ 30 ದಾಟುತ್ತಿಲ್ಲ ಎಂದರೆ ಈಗ ಗಾಡಿಯನ್ನು ಅನುಮಾನಿಸಬಹುದು. ಹೊಸ ಗಾಡಿಯಾದರೆ 3,000ದಿಂದ 5,000 ಮೈಲಿವರೆಗೆ ಕಾಯಿರಿ. ಎಂಜಿನ್ ಸಡಿಲಗೊಳ್ಳಲು ಅಷ್ಟು ಬೇಕು.

ಮೊದಲು ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ. ಹತ್ತು ಮೈಲಿ ಓಡಿಸಿ, ಕೊನೆಯಲ್ಲಿ ಬ್ರೇಕ್ ಆದಷ್ಟು ಕಡಿಮೆ ಬಳಸಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ನಾಲ್ಕೂ ಚಕ್ರದ ಡಿಸ್ಕ್ ನೋಡಿ. ಕೈಯಿಂದ ಮುಟ್ಟಬೇಡಿ. ಎಡ ಬಲ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಚಕ್ರ ಮಾತ್ರ ಎದ್ದು ಕಾಣುವಷ್ಟು ಬಿಸಿಯಿದ್ದರೆ ಅಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸಿಕ್ಕಿಹಾಕಿಕೊಂಡಿರಬಹುದು. ಹೈಬ್ರಿಡ್‌ನಲ್ಲಿ ಪ್ಯಾಡ್‌ಗೆ ಕೆಲಸ ಕಡಿಮೆ, ಉಪ್ಪು ಹಾಕುವ ಊರುಗಳಲ್ಲಿ ಕ್ಯಾಲಿಪರ್ ಪಿನ್ ತುಕ್ಕು ಹಿಡಿಯಲು ಬಿಡುವು ಸಿಗುತ್ತದೆ. ವರ್ಷಕ್ಕೊಮ್ಮೆ ಪಿನ್ ಬಿಚ್ಚಿ ಗ್ರೀಸ್ ಹಚ್ಚಿಸಿ.

ಆಮೇಲೆ ಅಲೈನ್‌ಮೆಂಟ್. ಟೈರಿನ ಮೇಲ್ಮೈಯನ್ನು ಅಂಗೈಯಿಂದ ಅಡ್ಡಲಾಗಿ ಸವರಿ. ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಚಕ್ರಗಳು ಓರೆಯಾಗಿ ಉಜ್ಜಿಕೊಂಡು ಓಡುತ್ತಿವೆ. ನಂತರ ಎಂಜಿನ್ ಆಯಿಲ್: ಇದಕ್ಕೆ 0ಡಬ್ಲ್ಯು-20. ದಪ್ಪನೆಯ ಆಯಿಲ್ ಹಾಕಿಬಿಟ್ಟಿದ್ದರೆ ಚಳಿಯಲ್ಲಿ ಅದರ ಬೆಲೆ ತೆರುತ್ತೀರಿ. ಎಂಜಿನ್ ಎಷ್ಟು ಓಡಿದರೂ ಬಿಸಿಯಾಗದೆ, ಬೇಸಿಗೆಯಲ್ಲೂ ಸಿಗ್ನಲ್‌ನಲ್ಲಿ ಆಫ್ ಆಗದಿದ್ದರೆ ಕೂಲಂಟ್ ಹರಿವನ್ನು ತಡೆದು ಬಿಡುವ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು. ಗಾಡಿಯ ಕಂಪ್ಯೂಟರ್ ಓದಲು ಇರುವ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಅಗ್ಗದ ಸಾಧನವೊಂದು ಕೂಲಂಟ್ ಉಷ್ಣಾಂಶ ತೋರಿಸುತ್ತದೆ. ಡೀಲರ್ ಬಳಿ ಹೋಗುವ ಮೊದಲು ಆ ಅಂಕಿ ಬರೆದುಕೊಂಡು ಹೋಗಿ. 'ಮೈಲೇಜ್ ಬರುತ್ತಿಲ್ಲ' ಎಂದರೆ ಅಲ್ಲಿ ಕೇಳುವವರಿಲ್ಲ. 'ಅರ್ಧ ಗಂಟೆ ಓಡಿದರೂ ಕೂಲಂಟ್ ಬಿಸಿಯಾಗುತ್ತಿಲ್ಲ, ಅಂಕಿ ಇಲ್ಲಿದೆ' ಎಂದರೆ ಬಾನೆಟ್ ಎತ್ತುತ್ತಾರೆ.

ಪೆಟ್ರೋಲ್ 87 ಆಕ್ಟೇನ್ ಸಾಕು. 93 ಹಾಕಿದರೆ ಮೈಲೇಜ್ ಏರುತ್ತದೆ ಎಂಬುದಕ್ಕೆ ಈ ಎಂಜಿನ್‌ನಲ್ಲಿ ಕಾರಣವಿಲ್ಲ. ಎಥನಾಲ್ ಇಲ್ಲದ ಪೆಟ್ರೋಲಿನಲ್ಲಿ ಮಾಮೂಲಿ ಶೇ. 10 ಎಥನಾಲ್ ಬೆರೆತದ್ದಕ್ಕಿಂತ ಶಕ್ತಿ ಸುಮಾರು ಶೇ. 3 ಹೆಚ್ಚು, ಬೆಲೆ ಅದಕ್ಕಿಂತ ಹೆಚ್ಚು ಜಾಸ್ತಿ ಇದ್ದರೆ ಬೇಡ.

ದೊಡ್ಡ ಹೈಬ್ರಿಡ್ ಪಿಕಪ್ ಇದ್ದವರಿಗೆ

ಫೋರ್ಡ್‌ನದೇ ಎಫ್-150 ಪವರ್‌ಬೂಸ್ಟ್‌ನಿಂದ ಮ್ಯಾವರಿಕ್‌ನ ಅಂಕಿ ಬಯಸಬೇಡಿ. ಅಲ್ಲಿರುವುದು 3.5 ಲೀಟರ್ ಟರ್ಬೊ ವಿ6, ಹತ್ತು ಗೇರ್, ನಡುವೆ 47 ಅಶ್ವಶಕ್ತಿಯ ಮೋಟಾರು. 2021ರ ನಾಲ್ಕು ಚಕ್ರ ಚಾಲನೆಯ ಮಾದರಿಗೆ ಇಪಿಎ ಅಂಕಿ ಊರಲ್ಲೂ 24, ಹೈವೇಯಲ್ಲೂ 24. ಟೊಯೊಟಾ ಟುಂಡ್ರಾದ ಹೈಬ್ರಿಡ್‌ನಲ್ಲೂ ಮೋಟಾರು ಇರುವುದು ಮುಖ್ಯವಾಗಿ ಎಳೆಯುವ ಬಲಕ್ಕೆ. ಪವರ್‌ಬೂಸ್ಟ್‌ನ 7.2 ಕಿಲೋವ್ಯಾಟ್ ಜನರೇಟರ್‌ನಿಂದ ಕರೆಂಟ್ ಹೋದಾಗ ಮನೆಗೆ ವಿದ್ಯುತ್ ಕೊಟ್ಟಿದ್ದರೆ ಆ ಟ್ಯಾಂಕನ್ನು ಲೆಕ್ಕದಿಂದ ಕೈಬಿಡಿ. ಗಾಡಿ ನಿಂತಲ್ಲೇ ಪೆಟ್ರೋಲ್ ಉರಿದಿದೆ.

ಕೊಳ್ಳುವ ಮೊದಲು ಲೆಕ್ಕ ಹಾಕುವವರು ಎಂಪಿಜಿ ನೋಡದೆ ಗ್ಯಾಲನ್ ನೋಡಿ. ವರ್ಷಕ್ಕೆ 12,000 ಮೈಲಿ ಓಡಿಸುವವರಿಗೆ 37ರ ಮ್ಯಾವರಿಕ್ ಹೈಬ್ರಿಡ್ 324 ಗ್ಯಾಲನ್ ಕುಡಿಯುತ್ತದೆ, 26ರ ಅದೇ ಗಾಡಿಯ ಟರ್ಬೊ ಪೆಟ್ರೋಲ್ ಮಾದರಿ 461.5. ವ್ಯತ್ಯಾಸ ಸುಮಾರು 137 ಗ್ಯಾಲನ್. ಪೂರ್ತಿ ಹೈವೇಯಲ್ಲೇ ಓಡಿಸುವವರಿಗೆ ಹೈಬ್ರಿಡ್‌ನದು 33, ಟರ್ಬೊದ್ದು 30. ವ್ಯತ್ಯಾಸ 36 ಗ್ಯಾಲನ್‌ಗೆ ಇಳಿಯುತ್ತದೆ. ನಿಮ್ಮ ಊರಿನ ಪಂಪಿನ ಬೆಲೆಯಿಂದ ಗುಣಿಸಿ, ಡೀಲರ್ ಎರಡು ಮಾದರಿಗೆ ಹೇಳಿದ ಬೆಲೆಯ ಅಂತರದ ಪಕ್ಕದಲ್ಲಿ ಬರೆದುಕೊಳ್ಳಿ.